ಊರು ಬಿಟ್ಟು ಇನ್ನೊಂದು ದೊಡ್ಡ ಊರಿಗೆ ಹೋಗೋದು: ಇದೂ ಒಂದು ರಜೆನಾ?

ನಿದ್ದೆಗೆಟ್ಟವ
ನಿನ್ನೆ ರಾತ್ರಿ ಕೋಲ್ಕತ್ತಾದಿಂದ ಬಂದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ಶನಿವಾರ ಬೆಳಗ್ಗೆ ಹೋಗಿ ಮಂಗಳವಾರ ರಾತ್ರಿ ವಾಪಸ್. ಈಗ ಆಫೀಸಿನಲ್ಲಿ ಟೇಬಲ್ ಕೆಳಗೆ ಚಪ್ಪಲಿ ಬಿಟ್ಟು, ಕಾಲು ಉಜ್ಜಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ.

ಪ್ರತಿ ವರ್ಷ ನಾವು ಮಲೆನಾಡಿನ ಕಡೆ ಯಾವುದಾದರೂ ಹೋಂಸ್ಟೇಗೆ ಹೋಗುತ್ತಿದ್ದೆವು. ತಿನ್ನೋದು, ಮಲಗೋದು, ಮಳೆ ನೋಡೋದು. ಈ ಸಲ ಬದಲಾವಣೆ ಇರಲಿ ಅಂತ ದೊಡ್ಡ ಊರು ಆರಿಸಿದೆ. ಶನಿವಾರ ದಕ್ಷಿಣೇಶ್ವರ, ಬೇಲೂರು ಮಠ, ಹೌರಾ ಸೇತುವೆ. ಭಾನುವಾರ ಕಾಳಿಘಾಟ್, ಮಣ್ಣಿನ ಮೂರ್ತಿ ಮಾಡುವವರ ಕುಮಾರ್‌ತುಲಿ, ಆಮೇಲೆ ಕಾಲೇಜ್ ಸ್ಟ್ರೀಟ್. ಪುಸ್ತಕದ ಬೀದಿ ಅಂತ ನಾನು ಕಾಲೇಜು ದಿನಗಳಿಂದ ಕನಸು ಕಂಡ ಜಾಗ. ಹೋದರೆ ಸಾಲು ಸಾಲು ಶಟರ್ ಕೆಳಗಿದೆ. ಭಾನುವಾರವಂತೆ. ಹೋಗಲಿ ಅಂತ ಸೋಮವಾರ ವಿಕ್ಟೋರಿಯಾ ಮೆಮೋರಿಯಲ್‌ಗೆ ಹೋದೆವು. ಒಳಗೆ ಬಿಡಲಿಲ್ಲ, ಸೋಮವಾರ ರಜೆ. ಇಂಡಿಯನ್ ಮ್ಯೂಸಿಯಂ? ಅದಕ್ಕೂ ಸೋಮವಾರ ರಜೆ. ಟಾಗೋರರ ಜೋಡಾಸಾಂಕೊ ಮನೆ? ಅದಕ್ಕೂ. ಕೊನೆಗೆ ಬಿಸಿಲು ತಡೆಯದೆ ಒಂದು ಮಾಲ್‌ಗೆ ಹೋಗಿ ಕೂತೆವು. ನಮ್ಮ ಮನೆ ಹತ್ತಿರದ ಮಾಲ್‌ನಲ್ಲಿರುವ ಅವೇ ಅಂಗಡಿಗಳು. ಹೆಂಡತಿ ಒಂದೇ ಮಾತು ಕೇಳಿದಳು: "ಇದಕ್ಕೇನ್ರೀ ವಿಮಾನ ಹತ್ತಿಸಿದ್ದು?"

ನನ್ನ ಪ್ರಶ್ನೆ ಇಷ್ಟೇ. ಬೆಂಗಳೂರಿನ ಗದ್ದಲದಲ್ಲಿ ವರ್ಷವಿಡೀ ಇರುವವರು ಇನ್ನೊಂದು ಗದ್ದಲಕ್ಕೆ ದುಡ್ಡು ಕೊಟ್ಟು ಹೋಗಬೇಕಾ? ನಿಮಗೆ ನಿಜವಾಗಿಯೂ ಇಂಥ ಪ್ರವಾಸ ಖುಷಿ ಕೊಟ್ಟಿದೆಯಾ, ಅಥವಾ ಎಲ್ಲರೂ ಫೋಟೋ ಹಾಕುತ್ತಾರೆ ಅಂತ ನಾವೂ ಸುಮ್ನೆ ಹೋಗುತ್ತೇವಾ?

ತಿಂಡಿಪೋತ_ಮಲ್ಲೇಶ್ವರ
ನಾಲ್ಕು ದಿನ ಕೋಲ್ಕತ್ತಾದಲ್ಲಿದ್ದು ತಿಂಡಿ ಬಗ್ಗೆ ಒಂದು ಸಾಲೂ ಬರೆದಿಲ್ಲ. ತಪ್ಪು ಅಲ್ಲೇ ಆಗಿದೆ ಗುರು.

ಸಾಕಪ್ಪಾ_ಸಿಟಿ
ಖಂಡಿತ ಹೋಗಬಾರದು. ನನಗೆ ರಜೆ ಅಂದರೆ ಹಾರ್ನ್ ಕೇಳಬಾರದು. ಅಷ್ಟೇ ಅಳತೆ.

ಗಂಗೆಯ_ದಡದವಳು
ನಾನು ಮದುವೆಯಾಗಿ ಕೋಲ್ಕತ್ತಾಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು, ಮೂಲ ತೀರ್ಥಹಳ್ಳಿ. ಬೇಜಾರು ಮಾಡಿಕೊಳ್ಳಬೇಡಿ ಸರ್, ನೀವು ಎರಡು ದಿನವನ್ನು ಅದಲುಬದಲು ಮಾಡಿದ್ದರೆ ಎಲ್ಲವೂ ಸಿಗುತ್ತಿತ್ತು. ಭಾನುವಾರ ವಿಕ್ಟೋರಿಯಾ, ಸೋಮವಾರ ಕಾಲೇಜ್ ಸ್ಟ್ರೀಟ್. ಇನ್ನೊಂದು ವಿಷಯ. ವಿಕ್ಟೋರಿಯಾದಲ್ಲಿ ಸೋಮವಾರ ಮುಚ್ಚಿರುವುದು ಒಳಗಿನ ಗ್ಯಾಲರಿ ಮಾತ್ರ. ಸುತ್ತಲಿನ ತೋಟ ತೆರೆದೇ ಇರುತ್ತದೆ. ಮರದ ನೆರಳಲ್ಲಿ ಕೂತಿದ್ದರೆ ಮಾಲ್‌ಗಿಂತ ಎಷ್ಟೋ ಚೆನ್ನಾಗಿತ್ತು.

ಇಂಡಿಯನ್ ಮ್ಯೂಸಿಯಂ ತಪ್ಪಿಹೋದದ್ದು ಮಾತ್ರ ನಿಜವಾದ ನಷ್ಟ. 1814ರಲ್ಲಿ ಶುರುವಾದದ್ದು. ಭರ್ಹುತ್ ಬೌದ್ಧ ಸ್ತೂಪದ ಕಲ್ಲಿನ ಕಟಕಟೆ ಅಲ್ಲಿದೆ, ಎರಡು ಸಾವಿರ ವರ್ಷಕ್ಕೂ ಹಳೆಯದು. ಈಜಿಪ್ಟಿನ ಮಮ್ಮಿಯೂ ಇದೆ. ನಿಮ್ಮ ಮಗಳಿಗೆ ಅದು ಬಹಳ ಇಷ್ಟ ಆಗುತ್ತಿತ್ತು.

ನಿದ್ದೆಗೆಟ್ಟವ
ಮೇಡಂ, ಮಮ್ಮಿ ವಿಷಯ ಮಗಳಿಗೆ ಹೇಳುವುದಿಲ್ಲ. ಈಗಾಗಲೇ ಕೋಪದಲ್ಲಿದ್ದಾಳೆ. ಬೇಲೂರು ಮಠ ಅಂದಾಗ ಹಾಸನದ ಬೇಲೂರು ಅಂದುಕೊಂಡು "ಅಷ್ಟು ದೂರ ಬಂದು ಮತ್ತೆ ಶಿಲಾಬಾಲಿಕೆನಾ" ಅಂತ ಕೇಳಿದವಳು.

ಪಟ್ಟಿಗೆ_ಬೆಂಕಿ
ತಪ್ಪು ಊರಿನದ್ದಲ್ಲ, ಪಟ್ಟಿಯದು. ಎರಡು ದಿನದಲ್ಲಿ ಆರು ಜಾಗ! ಹೋಂಸ್ಟೇಯಲ್ಲಿ ಒಂದು ದಿನಕ್ಕೆ ಒಂದು ಜಲಪಾತ ನೋಡಿ "ಆಹಾ ಏನು ವಿಶ್ರಾಂತಿ" ಅಂತೀರಿ. ಸಿಟಿಗೆ ಹೋದ ಕೂಡಲೇ ಪರೀಕ್ಷೆಗೆ ಓದುವ ಹುಡುಗನ ಹಾಗೆ ಪಟ್ಟಿ ಹಿಡಿದು ಓಡುತ್ತೀರಿ. ಮೂಡಿಗೆರೆಗೆ ಹೋಗಿ ಎರಡು ದಿನದಲ್ಲಿ ಆರು ಗುಡ್ಡ ಹತ್ತಿ ನೋಡಿ. ಅಲ್ಲೂ ಕಾಲು ನೋಯುತ್ತದೆ.

ನಾನು ಯಾವ ಊರಿಗೆ ಹೋದರೂ ಒಂದು ಬಡಾವಣೆ ಆರಿಸಿಕೊಳ್ಳುತ್ತೇನೆ. ಅಲ್ಲೇ ರೂಮು. ಬೆಳಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಸುಮ್ನೆ ನಡೆಯೋದು. ಚೆನ್ನೈಗೆ ಡಿಸೆಂಬರಿನಲ್ಲಿ ಹೋದಾಗ ಐದು ದಿನ ಮೈಲಾಪುರ ಬಿಟ್ಟು ಆಚೆ ಹೋಗಲಿಲ್ಲ. ಬೆಳಗ್ಗೆ ಕಪಾಲೀಶ್ವರ ದೇವಸ್ಥಾನ. ಮಧ್ಯಾಹ್ನ ಸಂಗೀತ ಸಭಾದ ಕ್ಯಾಂಟೀನಿನಲ್ಲಿ ಬಾಳೆಲೆ ಊಟ. ಆಮೇಲೆ ಹೊಸಬರ ಸಂಗೀತ ಕಚೇರಿ, ಅದಕ್ಕೆ ಎಷ್ಟೋ ಕಡೆ ಟಿಕೆಟ್ಟೇ ಇಲ್ಲ. ಮೃದಂಗದ ತನಿ ಆವರ್ತನದಲ್ಲಿ ನಿದ್ದೆ ಹೋದರೂ ಯಾರೂ ಬಯ್ಯಲ್ಲ, ಪಕ್ಕದ ಮಾಮನೂ ನಿದ್ದೆ ಮಾಡುತ್ತಿರುತ್ತಾರೆ. ಮರೀನಾ ಬೀಚ್ ನೋಡಿಲ್ಲ. ನಷ್ಟ ಅನಿಸಿಲ್ಲ.

ಸಾಕಪ್ಪಾ_ಸಿಟಿ
ಮಲಗೋದಕ್ಕೆ ಚೆನ್ನೈಗೆ ಯಾಕೆ ಹೋಗಬೇಕು? ಮನೆಯಲ್ಲೇ ಮಂಚ ಇದೆಯಲ್ಲ.

ಪಟ್ಟಿಗೆ_ಬೆಂಕಿ
ಅದೇ ಮಾತು ಹೋಂಸ್ಟೇಗೂ ಅನ್ವಯಿಸುತ್ತದೆ ಸ್ವಾಮಿ.

ಅಮ್ಮನ_ಬ್ಯಾಗು
ಇಲ್ಲಿ ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ರಜೆ ಯಾರಿಗೆ? ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ರಜೆ ಅಂದರೆ ಗಂಡನ ಊರು. ತೋಟ, ಹೊಳೆ, ಗಾಳಿ, ಎಲ್ಲ ಚೆಂದ. ಗಂಡಸರು ಜಗಲಿಯಲ್ಲಿ ಇಸ್ಪೀಟು ಆಡುತ್ತಾರೆ. ನಾವು ಹೆಂಗಸರು ಹದಿನೈದು ಜನಕ್ಕೆ ಮೂರು ಹೊತ್ತು ಬೇಯಿಸಿ, ಪಾತ್ರೆ ತೊಳೆದು, ವಾಪಸ್ ಬರುವಾಗ ಉಪ್ಪಿನಕಾಯಿ ಡಬ್ಬ ಹೊರುತ್ತೇವೆ. ಸೊಂಟ ಹಿಡಿದುಕೊಂಡು ಬರೋದು, ಆಮೇಲೆ ಎಲ್ಲರಿಗೂ "ಪ್ರಕೃತಿಯ ಮಡಿಲಲ್ಲಿ ಇದ್ದೆವು" ಅಂತ ಹೇಳೋದು.

ಹೋದ ವರ್ಷ ಹಠ ಹಿಡಿದು ಅಕ್ಕನ ಜೊತೆ ಹೈದರಾಬಾದಿಗೆ ಹೋದೆ. ಮೂರು ದಿನ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಂಟೆ ಹೊಡೆಯುವ ಗಡಿಯಾರ ಇದೆಯಲ್ಲ, ಅದರ ಮುಂದೆ ಕುರ್ಚಿ ಸಿಕ್ಕಿತು. ಪುಟ್ಟ ಬೊಂಬೆ ಆಚೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಅದೊಂದನ್ನು ನೋಡಲು ಮುಕ್ಕಾಲು ಗಂಟೆ ಸುಮ್ನೆ ಕೂತೆವು. ಯಾರೂ "ಅಮ್ಮಾ ಟವೆಲ್ ಎಲ್ಲಿ" ಅಂತ ಕೇಳಲಿಲ್ಲ. ನನಗೆ ಅದಕ್ಕಿಂತ ದೊಡ್ಡ ವಿಶ್ರಾಂತಿ ಬೇಡ.

(ಶುಕ್ರವಾರ ಆ ಮ್ಯೂಸಿಯಂಗೆ ರಜೆ. ಹೋಗುವವರು ನೋಡಿಕೊಂಡು ಹೋಗಿ.)

ತಿಂಡಿಪೋತ_ಮಲ್ಲೇಶ್ವರ
ಅಕ್ಕಾ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ತಿಂದ್ರಾ ಇಲ್ವಾ?

ಅಮ್ಮನ_ಬ್ಯಾಗು
ಚಾರ್‌ಮಿನಾರ್ ನೋಡುವುದಕ್ಕೂ ಮುಂಚೆ.

ಒಂಟಿ_ಸೀಟು
ಅಮ್ಮನ_ಬ್ಯಾಗು ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಒಬ್ಬಳೇ ತಿರುಗುವವಳು. ಬೆಟ್ಟದ ಕಡೆ ಹೋಂಸ್ಟೇಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ "ಎಷ್ಟು ಜನ?" ಒಬ್ಬಳೇ ಅಂದರೆ ಎರಡು ಸೆಕೆಂಡ್ ಮೌನ. ಆಮೇಲೆ "ಕನಿಷ್ಠ ನಾಲ್ಕು ಜನ ಇರಬೇಕು ಮೇಡಂ". ಒಂದು ಕಡೆ ರೂಮ್ ಕೊಟ್ಟರು, ಆದರೆ ರಾತ್ರಿ ಊಟಕ್ಕೆ ಕೂತಾಗ ಮನೆಯವರೆಲ್ಲ ಸೇರಿ ನನಗೆ ಇನ್ನೂ ಯಾಕೆ ಮದುವೆ ಆಗಿಲ್ಲ ಅಂತ ವಿಚಾರಣೆ ಮಾಡಿದರು. ಕಡುಬು ಮಾತ್ರ ಚೆನ್ನಾಗಿತ್ತು.

ಮುಂಬೈಯಲ್ಲಿ ರಾತ್ರಿ ಹತ್ತು ಗಂಟೆಗೆ ಮರೀನ್ ಡ್ರೈವ್ ಕಟ್ಟೆ ಮೇಲೆ ಒಬ್ಬಳೇ ಕೂತಿದ್ದೇನೆ. ಲೋಕಲ್‌ನಲ್ಲಿ ಹೆಂಗಸರ ಡಬ್ಬಿಯಲ್ಲಿ ಅಪರಿಚಿತರ ಜೊತೆ ಸೊಪ್ಪು ಬಿಡಿಸಿದ್ದೇನೆ. ಯಾರೂ ಏನೂ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ರಜೆ.

ಕಾಫಿತೋಟ_ಮೂಡಿಗೆರೆ
ನಾಲ್ಕು ಜನ ಅಂತ ಕೇಳುವವರ ಪರವಾಗಿ ಒಂದು ಮಾತು. ಒಬ್ಬರಿಗೂ ಅಷ್ಟೇ ಅಡುಗೆ, ಅಷ್ಟೇ ಕೆಲಸದವರು. ಅದಕ್ಕೇ ಕೇಳುತ್ತಾರೆ. ಮದುವೆ ವಿಚಾರಣೆ ಮಾಡಿದ್ದು ಮಾತ್ರ ತಪ್ಪು, ಒಪ್ಪುತ್ತೇನೆ.

ಆದರೆ ನಿಮ್ಮೆಲ್ಲರ ಜಗಳ ನೋಡಿ ನಗು ಬರುತ್ತಿದೆ. ನೀವು ನಮ್ಮ ಊರಿಗೆ ಬಂದು "ಎಂಥ ಶಾಂತಿ" ಅಂತೀರಿ. ಈ ಶಾಂತಿಯಲ್ಲಿ ನಾವು ವರ್ಷವಿಡೀ ಇದ್ದೇವೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲ್ಲ. ಆನೆ ತೋಟಕ್ಕೆ ಬಂದಿದೆ ಅಂದರೆ ಸಂಜೆ ಆರರ ಮೇಲೆ ಅಂಗಳಕ್ಕೂ ಇಳಿಯಲ್ಲ. ನನ್ನ ಹೆಂಡತಿಗೆ ರಜೆ ಅಂದರೆ ಬಾಗಿಲು ತೆಗೆದ ಕೂಡಲೇ ಮನುಷ್ಯರು ಕಾಣಬೇಕು. ಕೊಯ್ಲು ಮುಗಿಸಿ ಏಪ್ರಿಲ್‌ನಲ್ಲಿ ನಾವು ಹೋಗೋದು ಮುಂಬೈಗೆ. ಬೆವರು ಸುರಿಯುತ್ತದೆ, ಆದರೂ ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಜನರ ಮಧ್ಯೆ ನುಗ್ಗಿ ನಡೆಯುವಾಗ ಅವಳ ಮುಖ ನೋಡಬೇಕು ನೀವು.

ನಿದ್ದೆಗೆಟ್ಟವ
ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ರಜೆ ನಿಮ್ಮ ಮನೆ, ನಿಮ್ಮ ರಜೆ ನಮ್ಮ ಟ್ರಾಫಿಕ್!

ಮಾಟುಂಗ_ಮಾಣಿ
ಮುಂಬೈ ಮಾತು ಬಂದಿದ್ದಕ್ಕೆ ಎದ್ದು ಬಂದೆ. ಕನ್ನಡಿಗರು ಮುಂಬೈಗೆ ಬಂದರೆ ಮಾಟುಂಗ ಬಿಡಬಾರದು. ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ರೈಲ್ವೆ ಸ್ಟೇಷನ್ ಎದುರು ಬಾಳೆಲೆ ಊಟದ ಹಳೆಯ ಉಡುಪಿ ಹೋಟೆಲಿದೆ, 1942ರದ್ದು. ಭಾನುವಾರ ಬೆಳಗ್ಗೆ ದೋಸೆಗೆ ಫುಟ್‌ಪಾತ್ ಮೇಲೆ ಸಾಲು ನಿಂತಿರುತ್ತದೆ. ಎಲಿಫೆಂಟಾ ಸೋಮವಾರ ಮುಚ್ಚಿರುತ್ತದೆ, ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ ನಿದ್ದೆಗೆಟ್ಟವರೇ.

ತಿಂಡಿಪೋತ_ಮಲ್ಲೇಶ್ವರ
ಮಾಟುಂಗದ ದೋಸೆ ಚೆನ್ನಾಗಿದೆ, ಒಪ್ಪಿದೆ. ಆದರೆ ದೋಸೆ ತಿನ್ನಲು ಮಲ್ಲೇಶ್ವರದಿಂದ ಮುಂಬೈಗಾ? ಮೈಸೂರಿಗೆ ಹೋಗಿ, ಮೈಲಾರಿಯ ಮೆತ್ತನೆ ದೋಸೆ ತಿನ್ನಿ, ಮೂರು ಗಂಟೆಯ ದಾರಿ.

ದಾವಣಗೆರೆ_ಬೆಣ್ಣೆ
ದೋಸೆ ವಿಷಯ ಬಂದರೆ ಮೈಸೂರಿನವರು ಸ್ವಲ್ಪ ಸುಮ್ಮನಿದ್ದರೆ ಒಳ್ಳೇದು.

ತಿಂಡಿಪೋತ_ಮಲ್ಲೇಶ್ವರ
ನಾನು ಮೈಸೂರಿನವನಲ್ಲ. ಹೆಸರು ಓದಿ.

ಚಾಮರಾಜಪುರಂ_ಸ್ಟೇಷನ್
ಮೈಸೂರು ಅಂದಿದ್ದು ಸರಿಯಾಗಿದೆ. ಸಿಟಿ ಪ್ರವಾಸ ಅಂದ ಕೂಡಲೇ ಎಲ್ಲರೂ ವಿಮಾನ ಹತ್ತುತ್ತಾರೆ ಯಾಕೆ? ಮೈಸೂರು ಸಿಟಿ ಅಲ್ವಾ? ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆದರೂ ಆ ಒಂದು ಕ್ಷಣ ಎಲ್ಲರ ಜೊತೆ ನಾನೂ "ಓ" ಅಂತೀನಿ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ದೇವರಾಜ ಮಾರ್ಕೆಟ್ಟಿನಲ್ಲಿ ಕುಂಕುಮದ ಗುಡ್ಡೆ. ಮೃಗಾಲಯಕ್ಕೆ ಮಂಗಳವಾರ ಮಾತ್ರ ಹೋಗಬೇಡಿ, ರಜೆ.

ಬಣ್ಣದ_ಡಬ್ಬಿ
ಚಾಮರಾಜಪುರಂ ಅವರೇ, ಆ ಚಿತ್ರ ರವಿವರ್ಮರದ್ದಲ್ಲ. ಎಸ್. ಎಲ್. ಹಳದಣಕರ್ ಬರೆದ ಜಲವರ್ಣ. ಅವರ ಮಗಳೇ ದೀಪ ಹಿಡಿದು ನಿಂತದ್ದು. ಅರ್ಧ ಮೈಸೂರು ಇದನ್ನು ರವಿವರ್ಮ ಅಂತಲೇ ಹೇಳುತ್ತದೆ.

ಚಾಮರಾಜಪುರಂ_ಸ್ಟೇಷನ್
ಐವತ್ತು ವರ್ಷದಿಂದ ನೆಂಟರಿಗೆಲ್ಲ ರವಿವರ್ಮ ಅಂತ ತೋರಿಸಿದ್ದೇನೆ. ಈಗ ಯಾರ್ಯಾರಿಗೆ ಫೋನ್ ಮಾಡಲಿ?

ಗೋಳಗುಮ್ಮಟ_ಬಾಜೂ
ನಮ್ಮ ಕಡೀ ಮಾತು ಯಾರೂ ಎತ್ತಲಿಲ್ಲ ನೋಡ್ರಿ. ವಿಜಯಪುರ ಊರಲ್ಲೇನು? ಗೋಳಗುಮ್ಮಟ 1656ರಲ್ಲಿ ಮುಗಿದದ್ದು. ಪಿಸುಮಾತಿನ ಗ್ಯಾಲರಿಗೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. ಆಗ ಒಂದು ಚಪ್ಪಾಳೆ ತಟ್ಟಿದರೆ ಅದು ಸುತ್ತು ಹಾಕಿ ವಾಪಸ್ ಬರೋದು ಮೈ ಜುಮ್ ಅನ್ನುತ್ತದೆ. ಹತ್ತು ಗಂಟೆ ಆಯಿತು ಅಂದರೆ ಶಾಲೆ ಹುಡುಗರು ಬಂದು ಕೂಗ್ತಾರ, ಕಿವಿ ಮುಚ್ಚಿಕೊಂಡು ಇಳಿಯಬೇಕು. ಆಮೇಲೆ ಟಾಂಗಾದಲ್ಲಿ ಇಬ್ರಾಹಿಂ ರೋಜಾ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ. ಒಂದು ದಿನ ಸಾಕು, ಕಾಲೂ ನೋಯೂದಿಲ್ಲ.

ಸಾಕಪ್ಪಾ_ಸಿಟಿ
ಮೈಸೂರು, ವಿಜಯಪುರ ಎಲ್ಲ ಸರಿ. ಇವು ನಿಧಾನದ ಊರುಗಳು. ಪ್ರಶ್ನೆ ಇದ್ದದ್ದು ಕೋಲ್ಕತ್ತಾ, ಮುಂಬೈ ಥರದ ಊರುಗಳ ಬಗ್ಗೆ. ನೀವೆಲ್ಲ ಗೋಲ್‌ಪೋಸ್ಟನ್ನೇ ಎತ್ತಿಕೊಂಡು ಓಡುತ್ತಿದ್ದೀರಿ. ನನಗೆ ಈಗಲೂ ಕಾಡೇ ಸರಿ.

ಬೆನ್ನಮೇಲೆ_ಬ್ಯಾಗು
ಯಾವ ಕಾಡು ಸಾರ್? 2024ರ ಜನವರಿಯಲ್ಲಿ ಕುಮಾರಪರ್ವತದ ಫೋಟೋ ನೋಡಿದ್ದೀರಾ? ಬೆಟ್ಟದ ಮೇಲೆ ಇರುವೆ ಸಾಲಿನ ಹಾಗೆ ಜನ. ಅದಾದ ಮೇಲೇ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿದ್ದು. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿ ನೋಡಿ. ಸೂರ್ಯ ಹುಟ್ಟಿ ಮೇಲೆ ಬಂದಿರುತ್ತಾನೆ, ನೀವು ಇನ್ನೂ ಗೇಟಿನ ಕೆಳಗೆ ಕಾರಲ್ಲಿ ಮೊದಲ ಗೇರಿನಲ್ಲಿ ಇರುತ್ತೀರಿ. ಹಾರ್ನ್ ಬೇಕಾದಷ್ಟು ಕೇಳಬಹುದು.

ನಾನು ಹನ್ನೆರಡು ವರ್ಷದಿಂದ ಬೆಟ್ಟ ಹತ್ತುವವನು. ಬೇಜಾರಿನಿಂದಲೇ ಹೇಳುತ್ತಿದ್ದೇನೆ. ಲಾಂಗ್ ವೀಕೆಂಡ್‌ನಲ್ಲಿ ಬೆಂಗಳೂರು ಖಾಲಿ, ಬೆಟ್ಟ ತುಂಬಿರುತ್ತದೆ.

ಕಾಫಿತೋಟ_ಮೂಡಿಗೆರೆ
ಬಂದು ಹೋದ ಮೇಲೆ ನಮ್ಮ ಹಳ್ಳದಲ್ಲಿ ಬಾಟಲಿ ಹೆಕ್ಕುವವರು ನಾವು. ಡಿಸೆಂಬರಿನಲ್ಲಿ ಒಂದು ಗುಂಪು ಕಾರಿನ ಡಿಕ್ಕಿ ತೆಗೆದು ಜೋರಾಗಿ ಹಾಡು ಹಾಕಿದ್ದರು, ಬೆಳಗಿನ ಜಾವ ಎರಡರವರೆಗೆ. ನಮ್ಮ ನಾಯಿಗಳು ಎರಡು ದಿನ ಮಂಚದ ಕೆಳಗಿಂದ ಬರಲಿಲ್ಲ.

ಸಾಕಪ್ಪಾ_ಸಿಟಿ
ನಾನು ಅಂಥವನಲ್ಲ. ಇಯರ್‌ಫೋನ್ ಕೂಡ ಹಾಕಲ್ಲ.

ಎಲ್‌ಟಿಸಿ_ರಾಯರು
ನಾನು ನಿವೃತ್ತ ನೌಕರ. ನಮ್ಮ ಕಾಲದಲ್ಲಿ ರಜೆ ಅಂದರೆ ಎಲ್‌ಟಿಸಿ, ಅಂದರೆ ನೌಕರರಿಗೆ ಪ್ರವಾಸದ ಖರ್ಚು ಕೊಡುವ ಸೌಲಭ್ಯ. ದೂರದ ಊರು ಹಾಕಿದರೆ ಹಣ ಜಾಸ್ತಿ ಬರುತ್ತದೆ ಅಂತ ದೂರದ ಊರೇ ಹಾಕುತ್ತಿದ್ದೆವು. 1984ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋದೆವು. ರೈಲಿನಲ್ಲಿ ಪೂರಿ, ಚಟ್ನಿಪುಡಿ, ಹಾಸಿಗೆ ಸುತ್ತಿದ ಹೋಲ್ಡಾಲ್. ಮೆಟ್ರೋ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ. ದೇಶದ ಮೊದಲ ಮೆಟ್ರೋ. ನನ್ನ ಮಗ ಭವಾನೀಪುರದಿಂದ ಎಸ್‌ಪ್ಲನೇಡಿಗೆ ಹೋಗಿ, ಇಳಿದು, ಮತ್ತೆ ವಾಪಸ್ ಬಂದು, ಮತ್ತೆ ಹೋಗೋಣ ಅಂತ ಅತ್ತ. ಮೂರು ಸಲ ಹೋದೆವು. ಬೇರೇನು ನೋಡಿದೆವೋ ಮರೆತಿದೆ. ಅದು ನೆನಪಿದೆ. ಅವನಿಗೆ ಈಗ ನಲವತ್ತೆಂಟು.

ಟ್ರಾಮಿನಲ್ಲೂ ಊರೆಲ್ಲ ಸುತ್ತಿದ್ದೆವು. ಈಗಲೂ ಎಲ್ಲ ಕಡೆ ಓಡುತ್ತಿರಬೇಕು, ಅಲ್ಲವೇ?

ಗಂಗೆಯ_ದಡದವಳು
ಇಲ್ಲ ರಾಯರೇ. ಟ್ರಾಮು ಈಗ ಬಹುತೇಕ ನಿಂತೇ ಹೋಗಿದೆ, ಉಳಿದಿರುವುದು ಒಂದೆರಡು ದಾರಿ. ಉಳಿಸಬೇಕು ಅಂತ ಇಲ್ಲಿನ ಜನ ಕೋರ್ಟಿಗೂ ಹೋಗಿದ್ದಾರೆ. ಮೆಟ್ರೋ ಮಾತ್ರ ಈಗ ನದಿಯ ಕೆಳಗೇ ಹೋಗುತ್ತದೆ. ಹೌರಾದಿಂದ ಎಸ್‌ಪ್ಲನೇಡಿಗೆ, 2024ರ ಮಾರ್ಚಿನಲ್ಲಿ ಶುರುವಾಯಿತು. ನದಿ ದಾಟುವುದಕ್ಕೆ ಮುಕ್ಕಾಲು ನಿಮಿಷ. ನಿಮ್ಮ ಮಗನನ್ನು ಮತ್ತೆ ಕರೆದುಕೊಂಡು ಬನ್ನಿ, ಮೂರು ಸಲ ಓಡಾಡಿಸಿ.

ಥೇಮ್ಸ್_ತೀರ
ರಾಯರ ಕಥೆ ಓದಿ ನಮ್ಮಪ್ಪನ ನೆನಪಾಯಿತು. ನಾನು ಲಂಡನ್‌ನಲ್ಲಿದ್ದೇನೆ. ಅಪ್ಪ ಅಮ್ಮ ಬಂದಾಗ ನಾನೂ ಪಟ್ಟಿ ಮಾಡಿದ್ದೆ. ಬ್ರಿಟಿಷ್ ಮ್ಯೂಸಿಯಂ ಪುಕ್ಕಟೆ ಅಂತ ಕರೆದುಕೊಂಡು ಹೋದೆ. ಎರಡನೇ ಕೋಣೆಗೇ ಅಪ್ಪ "ಕೂತ್ಕೊಳ್ಳೋಕೆ ಜಾಗ ಎಲ್ಲಿದೆ" ಅಂದರು. ಅರಮನೆ ಹೊರಗಿಂದ ನೋಡಿ "ನಮ್ಮ ಮೈಸೂರಿನದೇ ಚೆಂದ" ಅಂದರು. ಕೊನೆಗೆ ನದಿ ದಡದಲ್ಲಿರುವ ಬಸವಣ್ಣನ ಪ್ರತಿಮೆ ಹತ್ತಿರ ಹೋದೆವು. 2015ರಲ್ಲಿ ನಿಲ್ಲಿಸಿದ್ದು. ಎದುರು ದಡದಲ್ಲಿ ಪಾರ್ಲಿಮೆಂಟು. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದು, ಪಕ್ಕದ ಬೆಂಚಿನಲ್ಲಿ ಕೂತರು. ಎರಡು ಗಂಟೆ ಏಳಲಿಲ್ಲ. ಓಡುವವರನ್ನು, ದೋಣಿಗಳನ್ನು ನೋಡುತ್ತಾ ಕೂತರು. ಮರುದಿನ ಎಲ್ಲಿಗೆ ಹೋಗೋಣ ಅಂದರೆ "ನಿನ್ನೆಯ ಬೆಂಚಿಗೆ" ಅಂದರು. ಉಳಿದ ಆರು ದಿನದಲ್ಲಿ ನಾಲ್ಕು ದಿನ ಅಲ್ಲೇ. ಅಮ್ಮ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬರುತ್ತಿದ್ದರು.

ಪಟ್ಟಿಗೆ_ಬೆಂಕಿ
ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಲೆಕ್ಕದ_ಪುಸ್ತಕ
ಯಾರೂ ದುಡ್ಡಿನ ಮಾತು ಆಡುತ್ತಿಲ್ಲ. ಹೋಂಸ್ಟೇಯಲ್ಲಿ ತಲೆಗೆ ಇಷ್ಟು ಅಂತ, ಮೂರು ಹೊತ್ತು ಊಟ ಸೇರಿ. ಎಷ್ಟು ಖರ್ಚು ಅಂತ ಹೋಗುವ ಮುಂಚೆಯೇ ಗೊತ್ತು. ಸಿಟಿಯಲ್ಲಿ ರೂಮ್ ಬಾಡಿಗೆ ಕಡಿಮೆ ಕಾಣುತ್ತದೆ. ಆಮೇಲೆ ಕ್ಯಾಬು, ನೀರಿನ ಬಾಟಲಿ, ಟಿಕೆಟ್ಟು, ಮಗು ಕೇಳಿದ್ದು, ಬಿಸಿಲಿಗೆ ಐಸ್‌ಕ್ರೀಮು. ಊಟಕ್ಕಿಂತ ಕ್ಯಾಬಿಗೆ ಜಾಸ್ತಿ ಕೊಟ್ಟ ಪ್ರವಾಸ ನನ್ನದು. ಮೆಟ್ರೋ, ಬಸ್ಸು, ಫೆರ್ರಿ ಬಳಸುವ ಧೈರ್ಯ ಇದ್ದರೆ ಮಾತ್ರ ಸಿಟಿಗೆ ಹೋಗಿ.

ನಿದ್ದೆಗೆಟ್ಟವ
ಫೆರ್ರಿ ಅಂದಾಗ ನೆನಪಾಯಿತು. ಸೋಮವಾರ ಮಾಲ್‌ನಿಂದ ಹೊರಗೆ ಬಂದ ಮೇಲೆ ಏನು ಮಾಡೋದು ಗೊತ್ತಾಗದೆ ಬಾಬುಘಾಟ್‌ನಿಂದ ಹೌರಾಕ್ಕೆ ದೋಣಿ ಹತ್ತಿದೆವು. ಪಟ್ಟಿಯಲ್ಲಿ ಇರಲಿಲ್ಲ. ಬಸ್ ಟಿಕೆಟ್‌ಗಿಂತ ಅಗ್ಗ. ಆಫೀಸು ಬಿಟ್ಟ ಜನ, ಒಬ್ಬ ಸೈಕಲ್ ಹಿಡಿದುಕೊಂಡು ನಿಂತಿದ್ದ. ಸೂರ್ಯ ಮುಳುಗುತ್ತಿತ್ತು, ಎದುರಿಗೆ ಆ ಕಬ್ಬಿಣದ ಸೇತುವೆ. ಯಾರೂ ಮಾತಾಡಲಿಲ್ಲ, ಮಗಳು ಕೂಡ. ಇಳಿದ ಮೇಲೆ "ಅಪ್ಪಾ ಇನ್ನೊಂದ್ಸಲ" ಅಂದಳು. ಇನ್ನೊಂದು ಸಲ ಹೋದೆವು. ಮೊದಲ ಪೋಸ್ಟ್ ಬರೆಯುವಾಗ ಇದನ್ನು ಹೇಗೆ ಮರೆತೆನೋ.

ಎಲ್‌ಟಿಸಿ_ರಾಯರು
ಮೂರನೇ ಸಲವೂ ಹೋಗಬೇಕಿತ್ತು.

ತಿಂಡಿಪೋತ_ಮಲ್ಲೇಶ್ವರ
ಎಲ್ಲ ಸರಿ. ಅಲ್ಲಿನ ಸಿಹಿ ಮೊಸರು, ಮಿಷ್ಟಿ ದೊಯಿ ತಿಂದ್ರಾ? ಬೆಳಗ್ಗೆ ಕಚೋರಿ, ಆಲೂಗಡ್ಡೆ ಸಾಗು? ಸಸ್ಯಾಹಾರಿಗೆ ಅಲ್ಲಿ ಏನೂ ಸಿಗಲ್ಲ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿದ್ದೆಗೆಟ್ಟವ
ಒಂದು ಮಡಕೆ ಮಿಷ್ಟಿ ದೊಯಿ ಮನೆಗೆ ತಂದೆ. ಅರ್ಧ ನನ್ನ ಬ್ಯಾಗಿನಲ್ಲೇ ಸೋರಿತು. ಚಾರ್ಜರ್ ಈಗಲೂ ಅಂಟಂಟು.

ಕಾಫಿತೋಟ_ಮೂಡಿಗೆರೆ
ನಿದ್ದೆಗೆಟ್ಟವರೇ, ನಾನೊಂದು ವ್ಯವಹಾರ ಹೇಳುತ್ತೇನೆ. ಮುಂದಿನ ಏಪ್ರಿಲ್‌ನಲ್ಲಿ ಒಂದು ವಾರ ನೀವು ನಮ್ಮ ಮನೆಗೆ ಬನ್ನಿ, ನಾವು ನಿಮ್ಮ ಮನೆಗೆ ಹೋಗುತ್ತೇವೆ. ಬಾಡಿಗೆ ಬೇಡ. ನೀವು ನಾಯಿಗಳಿಗೆ ಅನ್ನ ಹಾಕಬೇಕು, ಹಂಡೆಗೆ ಬೆಂಕಿ ಹಾಕಿಕೊಳ್ಳಬೇಕು. ನಾವು ನಿಮ್ಮ ಗಿಡಗಳಿಗೆ ನೀರು ಹಾಕುತ್ತೇವೆ, ಸಂಜೆ ಮಲ್ಲೇಶ್ವರದಲ್ಲಿ ತಿನ್ನುತ್ತೇವೆ.

ನಿದ್ದೆಗೆಟ್ಟವ
ಈಗಷ್ಟೇ ಹೆಂಡತಿಗೆ ಫೋನ್ ಮಾಡಿ ಕೇಳಿದೆ. ಅವಳದು ಒಂದೇ ಪ್ರಶ್ನೆ: ನಾಯಿ ಕಚ್ಚುತ್ತಾ?

ಕಾಫಿತೋಟ_ಮೂಡಿಗೆರೆ
ನಾಯಿ ಕಚ್ಚಲ್ಲ. ಹುಂಜ ಸ್ವಲ್ಪ ಕುಕ್ಕುತ್ತೆ.